ತೋರಿಕೆಯ ಲೋಕವೂ ಶರೀರದ ಪುನರುತ್ಥಾನವೂ: ಬೆಳ್ಳಿತೆರೆಯ ಒಂದು ಪ್ರಶ್ನೆಯ ಚರಿತ್ರೆ

ಮನುಷ್ಯಾವತಾರದ ಪಾಠವನ್ನು ಆರಂಭಿಸುವಾಗ ಗುರು ಅಭ್ಯರ್ಥಿಗಳಿಂದ ಈಚೆಗೆ ನಮಗೆ ಎದುರಾಗುವ ಮೊದಲ ಪ್ರಶ್ನೆ ಆರಿಯುಸನದೂ ಅಲ್ಲ, ನೆಸ್ತೋರಿಯುಸನದೂ ಅಲ್ಲ. 'ನಾವು ಬದುಕುತ್ತಿರುವ ಈ ಲೋಕವೇ ಯಾರೋ ನಡೆಸುತ್ತಿರುವ ಗಣಕಯಂತ್ರದ ಆಟವಾಗಿದ್ದರೆ, ಕ್ರಿಸ್ತನು ಧರಿಸಿದ ಶರೀರ ಯಾವುದು?' ಎಂಬುದು ಆ ಪ್ರಶ್ನೆ. ಇದು ಗ್ರಂಥಾಲಯದಿಂದ ಬಂದುದಲ್ಲ, ಸಿನಿಮಾದಿಂದ ಬಂದುದು. ಆ ಕಾರಣಕ್ಕೆ ಅದನ್ನು ನಗುತ್ತಾ ತಳ್ಳಿಹಾಕುವ ಅಧ್ಯಾಪಕರೂ ಇದ್ದಾರೆ, ಮೊದಮೊದಲು ನಾವೂ ಹಾಗೆ ಮಾಡಿದ್ದುಂಟು. ಆದರೆ ಈ ಪ್ರಶ್ನೆಗೊಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಾವು ಹಲವು ವರ್ಷ ಸೇವೆ ಸಲ್ಲಿಸಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೂ ಒಂದು ಪಾಲಿದೆ.

ಪ್ಲೇಟೋವಿನಿಂದ ಆರಂಭಿಸುವುದು ವಾಡಿಕೆ. 'ಗಣರಾಜ್ಯ'ದ ಏಳನೆಯ ಭಾಗದಲ್ಲಿ ಬರುವ ಗುಹೆಯ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಅವರು ಸಾಮಾನ್ಯವಾಗಿ ಗಮನಿಸದ ಒಂದು ವಿವರವಿದೆ. ಬಂದಿಗಳ ಹಿಂದೆ ಇರುವ ಮೋಟುಗೋಡೆಯನ್ನು ಪ್ಲೇಟೋ ಗೊಂಬೆಯಾಟದವರು ಜನರ ಮುಂದೆ ಕಟ್ಟುವ ಅಡ್ಡತೆರೆಗೆ ಹೋಲಿಸುತ್ತಾನೆ. ಅಂದರೆ ಪಾಶ್ಚಾತ್ಯ ಚಿಂತನೆಯಲ್ಲಿ ತೋರಿಕೆಯ ಲೋಕದ ಮೊದಲ ದೊಡ್ಡ ರೂಪಕವೇ ಗೊಂಬೆಯಾಟದಿಂದ ಎರವಲು ಪಡೆದದ್ದು. ಗೊಂಬೆಯಾಟವಾದರೋ ಬಳ್ಳಾರಿ ಸೀಮೆಗೆ ಹೊಸದಲ್ಲ. ಹದಮಾಡಿದ ಚರ್ಮದ ಮೇಲೆ ಬಣ್ಣ ಬಿಡಿಸಿ, ಬಿಳಿಯ ಬಟ್ಟೆಯ ಹಿಂದೆ ದೀಪವಿಟ್ಟು ರಾಮಾಯಣ, ಭಾರತಗಳನ್ನು ಆಡಿಸುವ ತೊಗಲುಗೊಂಬೆಯ ಮೇಳಗಳು ಈ ಊರುಗಳ ಬಯಲಲ್ಲಿ ರಾತ್ರಿ ಕಳೆದಿವೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ಚರ್ಮದಲ್ಲಿ ಗಾಂಧೀಜಿಯನ್ನೂ ಕೊರೆದು ತೆರೆಯ ಮೇಲೆ ನಡೆಸಿದರು.

ಪ್ಲೇಟೋವಿನ ಗುಹೆಗೂ ಈ ಬಯಲಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಗುಹೆಯವರ ಕಾಲಿಗೂ ಕುತ್ತಿಗೆಗೂ ಸಂಕೋಲೆಯಿದೆ. ಬಯಲಿನವರು ಕಂಬಳಿ ಹೊದ್ದು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ತಾವಾಗಿ ಬಂದು ಕೂತವರು. ತೆರೆಯ ಹಿಂದೆ ಯಾರಿದ್ದಾರೆ, ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಎಂಬುದೆಲ್ಲ ಅವರಿಗೆ ಗೊತ್ತು. ಕಥೆಯ ನಡುವೆ ಕಿಳ್ಳೇಕ್ಯಾತ ನುಗ್ಗಿ ಊರಿನ ಸುದ್ದಿಯನ್ನೇ ಎತ್ತಿ ಆಡುವಾಗ ಲಂಕೆಯೂ ಊರೂ ಒಂದೇ ತೆರೆಯ ಮೇಲೆ ಕೂಡುತ್ತವೆ, ಯಾರೂ ಮೋಸಹೋಗುವುದಿಲ್ಲ. ನೆರಳು ಸುಳ್ಳಾಗುವುದು ನೆರಳಾದ ಕಾರಣಕ್ಕಲ್ಲ, ನೋಡುವವನಿಗೆ ಸಂಕೋಲೆ ಬಿದ್ದಾಗ ಎಂದು ನಮ್ಮ ಅಭಿಪ್ರಾಯ. ಸಂತ ಅಗುಸ್ತೀನರು 386-387ರ ಸುಮಾರಿಗೆ, ಇನ್ನೂ ಸ್ನಾನದೀಕ್ಷೆ ಪಡೆಯುವ ಮುನ್ನ ಬರೆಯತೊಡಗಿದ 'ಸ್ವಗತಗಳು' ಎಂಬ ಕೃತಿಯಲ್ಲಿ ಇದರ ಸಮೀಪಕ್ಕೆ ಬರುತ್ತಾರೆ: ರೋಷಿಯುಸನೆಂಬ ನಟ ಸುಳ್ಳು ಹೆಕೂಬಳಾದರೆ ಮಾತ್ರ ನಿಜವಾದ ನಟನಾಗಬಲ್ಲ, ಹಾಗಾಗಿ ಕೆಲವು ವಸ್ತುಗಳು ಒಂದು ಬಗೆಯಲ್ಲಿ ಸುಳ್ಳಾಗಿರುವುದರಿಂದಲೇ ಇನ್ನೊಂದು ಬಗೆಯಲ್ಲಿ ಸತ್ಯವಾಗುತ್ತವೆ ಎಂಬುದು ಅಲ್ಲಿನ ವಾದ. ರಂಗಭೂಮಿಯ ಬಗ್ಗೆ ಮುಂದೆ ಅವರು ಕಠಿಣರಾದರು. ಆದರೆ ಈ ಸೂಕ್ಷ್ಮವನ್ನು ಹಿಂತೆಗೆದುಕೊಂಡಂತೆ ನಮಗೆ ಕಾಣುವುದಿಲ್ಲ.

ಆಧುನಿಕ ಸಂದೇಹ ಬೇರೆ ಜಾತಿಯದು. 1641ರಲ್ಲಿ ಡೆಕಾರ್ತನು ತನ್ನ ಇಂದ್ರಿಯಗಳನ್ನೆಲ್ಲ ವಂಚಿಸುತ್ತಿರುವ ದುಷ್ಟಶಕ್ತಿಯೊಂದನ್ನು ಕಲ್ಪಿಸಿಕೊಂಡ. ಅದಕ್ಕೆ ಐದು ವರ್ಷ ಮೊದಲು, 1636ರಲ್ಲಿ, ಸ್ಪೇನಿನ ಕಾಲ್ದೆರೋನನು 'ಬದುಕೊಂದು ಕನಸು' ಎಂಬ ನಾಟಕವನ್ನು ಪ್ರಕಟಿಸಿದ್ದ. ಸೆರೆಯಲ್ಲಿ ಬೆಳೆದ ರಾಜಕುಮಾರ ಸೆಹಿಸ್ಮುಂದೊನನ್ನು ಮದ್ದು ಹಾಕಿ ಅರಮನೆಗೆ ತರುತ್ತಾರೆ. ಅವನು ಕ್ರೂರವಾಗಿ ನಡೆದುಕೊಂಡಾಗ ಮತ್ತೆ ಮದ್ದು ಹಾಕಿ ಸೆರೆಗೆ ಕಳುಹಿಸಿ, ಅರಮನೆ ಕನಸಾಗಿತ್ತು ಎಂದು ನಂಬಿಸುತ್ತಾರೆ. ಮುಂದೆ ನಿಜವಾಗಿ ಬಿಡುಗಡೆಯಾದಾಗ ಅದು ಕನಸೋ ನನಸೋ ತಿಳಿಯದೆ ಅವನೊಂದು ನಿರ್ಧಾರಕ್ಕೆ ಬರುತ್ತಾನೆ: ಕನಸಿನಲ್ಲಿ ಮಾಡಿದ ಒಳಿತೂ ನಷ್ಟವಾಗುವುದಿಲ್ಲ. ಡೆಕಾರ್ತನು ಸಂದೇಹಕ್ಕೆ ಜ್ಞಾನದಿಂದ ಉತ್ತರ ಹುಡುಕಿದರೆ ಕಾಲ್ದೆರೋನನು ನಡತೆಯಿಂದ ಹುಡುಕಿದ. 1651ರಲ್ಲಿ ಗುರುದೀಕ್ಷೆ ಪಡೆದ ಈತ 1673ರಲ್ಲಿ ಅದೇ ಹೆಸರಿನಲ್ಲಿ ಪರಮಪ್ರಸಾದದ ಹಬ್ಬಕ್ಕಾಗಿ ಇನ್ನೊಂದು ನಾಟಕ ಬರೆದ. ಕನಸಿನ ಕಥೆಯನ್ನು ರೊಟ್ಟಿಯ ಬಳಿಗೆ ಕೊಂಡೊಯ್ದ ಈ ಗುರುವನ್ನು ನಮ್ಮ ಪಠ್ಯಕ್ರಮ ಮರೆತಿರುವುದು ವಿಷಾದದ ಸಂಗತಿ.

ಇನ್ನು ಸಿನಿಮಾ. ಈ ತಾಲೂಕುಗಳ ಹಿರಿಯರು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಮರಳ ಮೇಲೆ ಕೂತು ಕನ್ನಡದಷ್ಟೇ ತೆಲುಗು ಚಿತ್ರಗಳನ್ನೂ ನೋಡಿದವರು. 1957ರಲ್ಲಿ ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ 'ಮಾಯಾಬಜಾರ್' ಅವರಲ್ಲನೇಕರಿಗೆ ಇಂದಿಗೂ ನೆನಪಿದೆ. ದೂರದಲ್ಲಿರುವ ಪ್ರಿಯನನ್ನು ತೋರಿಸುವ 'ಪ್ರಿಯದರ್ಶಿನಿ' ಎಂಬ ಪೆಟ್ಟಿಗೆ, ಮದುವೆಯ ದಿಬ್ಬಣವನ್ನು ಮೂರ್ಖರನ್ನಾಗಿಸಲು ಘಟೋತ್ಕಚ ನಿಲ್ಲಿಸುವ ಮಾಯಾನಗರ, ಶಶಿರೇಖೆಯ ರೂಪದಲ್ಲಿ ಕೂತ ಘಟೋತ್ಕಚ: ಕೃತಕ ಲೋಕದ ಸಲಕರಣೆಗಳೆಲ್ಲ ಅಲ್ಲಿವೆ. ಆದರೆ ಭಯವಿಲ್ಲ. ಮಾಯೆಯ ಗುಟ್ಟು ಪ್ರೇಕ್ಷಕನ ಕೈಯಲ್ಲಿದೆ, ಮೋಸಹೋಗುವವರು ಮೋಸಕ್ಕೆ ಅರ್ಹರು. ಮದುವೆಯ ಮನೆಯಲ್ಲಿ ನಗುವ ಹಾಗೆ ನಕ್ಕು ಜನ ಮನೆಗೆ ಹೋದರು.

ಭಯ ಬಂದದ್ದು ಗಣಕಯಂತ್ರದೊಂದಿಗೆ. ಅಮೆರಿಕದ ಡೇನಿಯಲ್ ಗಾಲೂಯ್ 1964ರಲ್ಲಿ 'ಸಿಮ್ಯುಲಕ್ರಾನ್-3' ಎಂಬ ಕಾದಂಬರಿ ಬರೆದ. ಅದನ್ನು ಆಧರಿಸಿ ಜರ್ಮನಿಯ ರೈನರ್ ವೆರ್ನರ್ ಫಾಸ್‌ಬಿಂಡರ್ 1973ರ ಅಕ್ಟೋಬರಿನಲ್ಲಿ ದೂರದರ್ಶನಕ್ಕಾಗಿ ಎರಡು ಕಂತುಗಳ ಚಿತ್ರ ಮಾಡಿದ. ಯಂತ್ರದೊಳಗೆ ಮನುಷ್ಯರನ್ನು ಸೃಷ್ಟಿಸುವ ವಿಜ್ಞಾನಿಗೆ ತನ್ನ ಲೋಕವೂ ಇನ್ನೊಂದು ಯಂತ್ರದೊಳಗಿನದೆಂದು ತಿಳಿಯುವ ಕಥೆ ಅದು. 1976ರಲ್ಲಿ ಬ್ರಿಟಿಷ್ ಧಾರಾವಾಹಿ 'ಡಾಕ್ಟರ್ ಹೂ'ನಲ್ಲಿ 'ಮೇಟ್ರಿಕ್ಸ್' ಎಂಬ ಹೆಸರಿನ ಕೃತಕ ಲೋಕ ಬಂತು. 1987ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್'ನ ಹೊಸ ಸರಣಿಯಲ್ಲಿ ನೌಕೆಯ ಒಂದು ಕೋಣೆಯೇ ಬೇಕಾದ ಲೋಕವಾಗಿ ಮಾರ್ಪಡುತ್ತಿತ್ತು. ಅದರ 1993ರ ಒಂದು ಕಂತಿನ ಕೊನೆಯಲ್ಲಿ, ತಾನೂ ಇನ್ನೂ ಕೋಣೆಯೊಳಗೇ ಇರಬಹುದೇ ಎಂಬ ಅನುಮಾನದಿಂದ ಒಬ್ಬ ಅಧಿಕಾರಿ ಒಂಟಿಯಾಗಿ ನಿಂತು, ಆಟ ನಿಲ್ಲಿಸು ಎಂದು ಯಂತ್ರಕ್ಕೆ ಆಜ್ಞಾಪಿಸುತ್ತಾನೆ. ಏನೂ ಆಗುವುದಿಲ್ಲ. ಆ ಮೌನದಿಂದ ಅವನಿಗೆ ಸಮಾಧಾನವಾಯಿತೇ ಎಂಬುದನ್ನು ಕಥೆ ಹೇಳುವುದಿಲ್ಲ. 1998-99ರ ಎರಡೇ ವರ್ಷಗಳಲ್ಲಿ 'ಟ್ರೂಮನ್ ಶೋ', 'ಡಾರ್ಕ್ ಸಿಟಿ', 'ಎಕ್ಸಿಸ್ಟೆನ್ಸ್', ಗಾಲೂಯನ ಕಾದಂಬರಿಯದೇ ಇನ್ನೊಂದು ರೂಪವಾದ 'ಥರ್ಟೀನ್ತ್ ಫ್ಲೋರ್', ಎಲ್ಲಕ್ಕಿಂತ ಮಿಗಿಲಾಗಿ 'ದಿ ಮೇಟ್ರಿಕ್ಸ್' ಬಂದವು. 2003ರಲ್ಲಿ ನಿಕ್ ಬೋಸ್ಟ್ರಮ್ ಎಂಬ ತತ್ತ್ವಶಾಸ್ತ್ರಜ್ಞ ಇದನ್ನೇ ಗಂಭೀರ ವಾದವಾಗಿ ಮಂಡಿಸಿದ.

'ದಿ ಮೇಟ್ರಿಕ್ಸ್' ಕುರಿತು ಒಂದು ತಪ್ಪೊಪ್ಪಿಗೆ. ನಿಯೋ ಸತ್ತು ಎದ್ದು ಬರುತ್ತಾನೆ, ಟ್ರಿನಿಟಿ ಎಂಬ ಹೆಸರಿದೆ, ಜಿಯೋನ್ ಎಂಬ ನಗರವಿದೆ, ಯೂದನಂಥ ದ್ರೋಹಿಯಿದ್ದಾನೆ ಎಂದು ಪಾಸ್ಖ ಕಾಲದ ಪ್ರಬೋಧನೆಯಲ್ಲಿ ಈ ಚಿತ್ರವನ್ನು ಬಳಸಿದ ಗುರುಗಳು ಕಡಿಮೆಯೇನಲ್ಲ. ಅದಕ್ಕೆ ಪ್ರತಿಯಾಗಿ ನಾವು ತರಗತಿಯಲ್ಲಿ ಇದು ಶುದ್ಧ ಜ್ಞೇಯವಾದ, ಸಂತ ಇರೇನೇಯರು ಎರಡನೆಯ ಶತಮಾನದಲ್ಲೇ ಖಂಡಿಸಿದ ಪಾಷಂಡಮತ ಎಂದು ಹಲವು ವರ್ಷ ಪಾಠ ಹೇಳಿದೆವು. ಹರಪನಹಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ನಮ್ಮನ್ನು ತಿದ್ದಿದ. ಜ್ಞೇಯವಾದಿಗಳಿಗೆ ದೇಹವೇ ಸೆರೆಮನೆ. ಈ ಚಿತ್ರದಲ್ಲಾದರೋ ಸೆರೆಮನೆಯಾಗಿರುವುದು ದೇಹವಿಲ್ಲದ ಲೋಕ, ಬಿಡುಗಡೆಯೆಂದರೆ ಹಸಿವು, ಚಳಿ, ಗಾಯವಿರುವ ಶರೀರಕ್ಕೆ ಮರಳುವುದು ಎಂದ. ಅವನ ಮಾತು ಸರಿ. ಅರಿವೊಂದೇ ರಕ್ಷಿಸುತ್ತದೆ, ಲೋಕದ ನಿರ್ಮಾಪಕ ಶತ್ರು ಎಂಬ ಎರಡು ಅಂಶಗಳಲ್ಲಿ ಮಾತ್ರ ಅದು ಜ್ಞೇಯವಾದ, ಶರೀರದ ವಿಷಯದಲ್ಲಿ ಅದರ ತದ್ವಿರುದ್ಧ.

ಅದೇ ಚಿತ್ರದಲ್ಲಿ ನಿಯೋ ಟೊಳ್ಳು ಮಾಡಿಟ್ಟ ಪುಸ್ತಕವೊಂದರಲ್ಲಿ ತನ್ನ ಕಳ್ಳಮಾಲು ಬಚ್ಚಿಡುತ್ತಾನೆ. ಅದು ಫ್ರಾನ್ಸಿನ ಬೋದ್ರಿಯಾರನ 1981ರ ಗ್ರಂಥ. ನೆಲಕ್ಕಿಂತ ನಕ್ಷೆಯೇ ಮೊದಲಾಗಿಬಿಟ್ಟ ಕಾಲದ ಬಗ್ಗೆ ಅದು ಮಾತಾಡುತ್ತದೆ. ತನ್ನನ್ನು ಚಿತ್ರದವರು ತಪ್ಪಾಗಿ ಓದಿದ್ದಾರೆ ಎಂದು ಬೋದ್ರಿಯಾರ್ ಆಮೇಲೆ ದೂರಿದ್ದೂ ಉಂಟು. ಹರಪನಹಳ್ಳಿಯವರಿಗೆ ನಕ್ಷೆಯ ಮಹಿಮೆ ಹೇಳಿಕೊಡಬೇಕಾಗಿಲ್ಲ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಎಂದು ಕಾಲು ಶತಮಾನದೊಳಗೆ ಮೂರು ಬಾರಿ ಜಿಲ್ಲೆ ಬದಲಾಯಿತು. ಹೊಲ ಇದ್ದಲ್ಲೇ ಇತ್ತು. ಹಗರಿಬೊಮ್ಮನಹಳ್ಳಿಯವರ ಪಾಲಿಗೆ ಇದು ಇಷ್ಟು ಹಗುರವಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು ನಾರಾಯಣದೇವರಕೆರೆಯಂಥ ಊರುಗಳನ್ನು ನುಂಗಿದಾಗ ಅಲ್ಲಿ ನಕ್ಷೆಯೊಂದಿಗೆ ನೆಲವೂ ಹೋಯಿತು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಚಿತ್ರ ಪವನ್ ಕುಮಾರ್ ಅವರ 'ಲೂಸಿಯಾ'. ನಿರ್ಮಾಪಕರು ಸಿಗದೆ, ಅಂತರ್ಜಾಲದ ಮೂಲಕ 110 ಮಂದಿ 27 ದಿನಗಳಲ್ಲಿ ಕೂಡಿಸಿಕೊಟ್ಟ 51 ಲಕ್ಷ ರೂಪಾಯಿಗಳಿಂದ ತಯಾರಾದ ಚಿತ್ರ ಅದು. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು ಸೆಪ್ಟೆಂಬರ್ 6ರಂದು ತೆರೆಕಂಡಿತು. ಸತೀಶ್ ನೀನಾಸಂ ವಹಿಸಿದ ಪಾತ್ರ ನಿಕ್ಕಿ, ಹಳ್ಳಿಯಿಂದ ಬೆಂಗಳೂರಿಗೆ ಬಂದವನು, ಶಂಕ್ರಣ್ಣನ ಚಿತ್ರಮಂದಿರದಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವವನು. ನಿದ್ದೆ ಬಾರದ ಅವನಿಗೆ ಲೂಸಿಯಾ ಎಂಬ ಮಾತ್ರೆ ಸಿಗುತ್ತದೆ. ಅದನ್ನು ನುಂಗಿದರೆ ಕನಸು ನಿನ್ನೆ ನಿಂತಲ್ಲಿಂದ ಮುಂದುವರಿಯುತ್ತದೆ. ಕನಸಿನಲ್ಲಿ ಅವನು ಚಿತ್ರನಟ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಕೊನೆಗೆ ತಿಳಿಯುವುದೇನೆಂದರೆ (ನೋಡದವರು ಕ್ಷಮಿಸಬೇಕು) ಕಪ್ಪುಬಿಳುಪೇ ನನಸು. ನಟನೇ ನಿಜ, ಅವನು ಪ್ರತಿರಾತ್ರಿ ಮಾತ್ರೆ ನುಂಗಿ ಟಾರ್ಚು ಹಿಡಿದ ಬಡವನಾಗುವ ಕನಸು ಕಾಣುತ್ತಿದ್ದಾನೆ. ಕುರುಡರ, ಕಣ್ಣುಬೇನೆಯವರ ಪಾಲಕಿಯೆಂದು ನಾವು ಡಿಸೆಂಬರ್ 13ರಂದು ಸ್ಮರಿಸುವ ಸಂತ ಲೂಸಿಯಳ ಹೆಸರೇ ಈ ಮಾತ್ರೆಗೂ ಬಂದಿರುವುದು ಬಹುಶಃ ಆಕಸ್ಮಿಕ. ಎರಡೂ ಹೆಸರುಗಳ ಬೇರು 'ಬೆಳಕು' ಎಂಬ ಲತೀನ್ ಪದದಲ್ಲಿದೆ.

ಈ ಚಿತ್ರವನ್ನು ನೋಡಿದ ಯಾವ ದೈವಶಾಸ್ತ್ರದ ವಿದ್ಯಾರ್ಥಿಗೂ ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ನೆನಪಾಗದಿರದು. ಇದ್ದವನು ಇಲ್ಲದವನಾಗುತ್ತಾನೆ, ತನ್ನನ್ನು ಬರಿದು ಮಾಡಿಕೊಳ್ಳುತ್ತಾನೆ, ಸೇವಕನ ರೂಪ ತಾಳುತ್ತಾನೆ. ಹೋಲಿಕೆ ಆಕರ್ಷಕ. ಆದರೆ ನಾವು ಇಲ್ಲಿ ತಡೆಯಬೇಕು. ನಟ ನಿಖಿಲನ ಬಡತನ ಅವನ ತಲೆಯೊಳಗಿನದು. ಬೆಳಗಾದರೆ ಅವನ ಹೊಟ್ಟೆ ತುಂಬಿದೆ. ಕನಸಿನ ಟಾರ್ಚಿನವನಿಗೆ ಬಿದ್ದ ಏಟು ಯಾರ ಬೆನ್ನ ಮೇಲೂ ಬಾಸುಂಡೆ ಎಬ್ಬಿಸುವುದಿಲ್ಲ. ಧರ್ಮಸಭೆ ತನ್ನ ಮೊದಲ ಶತಮಾನಗಳಲ್ಲೇ ಎದುರಿಸಿದ ತೋರಿಕೆವಾದದ ಕ್ರಿಸ್ತ ಇಂಥವನೇ: ಹಸಿದಂತೆ, ಅತ್ತಂತೆ, ಸತ್ತಂತೆ ಕಾಣಿಸಿಕೊಂಡವನು, ಯಾವುದೂ ತಾಗದವನು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನಾಸಿಯವರು ರೋಮಿನ ಮೃಗಗಳ ಕಡೆಗೆ ಬೇಡಿ ತೊಟ್ಟು ಸಾಗುತ್ತಾ ಸ್ಮಿರ್ನಾದವರಿಗೆ ಬರೆದ ಪತ್ರದಲ್ಲಿ ಕೇಳುವುದು ಇದನ್ನೇ. ಅವನು ಕೇವಲ ತೋರಿಕೆಗೆ ನೊಂದಿದ್ದರೆ ನನ್ನ ಈ ಬೇಡಿಯೂ ತೋರಿಕೆಯೇ? ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ನಿಜವಾಗಿಯೂ ಟಾರ್ಚು ಹಿಡಿದವರು, ಗೇಟು ಕಾದವರು, ಇಟ್ಟಿಗೆ ಹೊತ್ತವರು ಕೂಡ್ಲಿಗಿ, ಹರಪನಹಳ್ಳಿಗಳ ಮನೆಮನೆಯಲ್ಲಿದ್ದಾರೆ. ಅವರ ಬದುಕನ್ನು ಶ್ರೀಮಂತನೊಬ್ಬನ ಕನಸಾಗಿ ಮಾಡುವ ಆ ತಿರುವು ಚಿತ್ರವಾಗಿ ಚತುರವಾದದ್ದು. ನಮಗೆ ಮಾತ್ರ ಪ್ರತಿಸಲವೂ ಚುಚ್ಚುತ್ತದೆ.

ಆದರೆ ಈ ಸೀಮೆಯಲ್ಲಿ ತೋರಿಕೆವಾದವನ್ನು ಕೇವಲ ಪಾಷಂಡಮತವೆಂದು ಖಂಡಿಸಿ ಮುಂದೆ ಹೋಗಲು ಸಾಧ್ಯವಿಲ್ಲ. ಕೊಟ್ಟೂರು, ಉಜ್ಜಿನಿಗಳ ಸುತ್ತ ನಡೆದಾಡಿದ ಪ್ರಬೋಧಕನಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಮಪ್ರಭು ಮತ್ತು ಗೋರಕ್ಷನ ಭೇಟಿಯ ಕಥೆ ಅಲ್ಲಿನ ಜನರಿಗೆ ಪುರಾಣ ಪ್ರವಚನಗಳಲ್ಲಿ ಕೇಳಿ ಪರಿಚಿತ. ಯೋಗಸಿದ್ಧಿಯಿಂದ ವಜ್ರಕಾಯನಾದ ಗೋರಕ್ಷನ ಮೇಲೆ ಕತ್ತಿ ಬಿದ್ದಾಗ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಪ್ರಭುವಿನ ಮೇಲೆ ಬೀಸಿದರೆ ಅದು ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ, ಸದ್ದಿಲ್ಲ, ತಡೆಯಿಲ್ಲ. ಗಟ್ಟಿಯಾದ ದೇಹ ಸೋತಿತು, ಬಯಲಾದ ದೇಹ ಗೆದ್ದಿತು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆಯೂ ಪ್ರಭುವನ್ನು ಅಪ್ಪಲು ಹೋಗಿ ಬರಿಗೈಯಲ್ಲಿ ನಿಲ್ಲುತ್ತಾಳೆ. ಈ ಕಥೆಯ ಮುಂದೆ ನಿಯೋ ಗುಂಡುಗಳನ್ನು ಗಾಳಿಯಲ್ಲೇ ನಿಲ್ಲಿಸುವುದು ಸ್ವಲ್ಪ ಪೇಲವವಾಗಿ ಕಾಣುತ್ತದೆ. ಅದು ಇನ್ನೂ ಗೋರಕ್ಷನ ಮಟ್ಟ.

ಹೀಗೆ ಕೇಳಿ ಬೆಳೆದ ಕಿವಿಗೆ ನಾವು ಪಾಸ್ಖ ಹಬ್ಬದಂದು ಸಂತ ಲೂಕರ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಓದುತ್ತೇವೆ. ಪುನರುತ್ಥಾನಗೊಂಡ ಪ್ರಭು ತನ್ನ ಕೈಕಾಲುಗಳನ್ನು ತೋರಿಸುತ್ತಾರೆ, ಮುಟ್ಟಿ ನೋಡಲು ಹೇಳುತ್ತಾರೆ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ ಸುಟ್ಟ ಮೀನಿನ ತುಂಡು ತಿನ್ನುತ್ತಾರೆ. ಸಂತ ಯೊವಾನ್ನರಲ್ಲಿ ತೋಮನಿಗೆ ಗಾಯವೇ ಸಾಕ್ಷಿ. ಒಮ್ಮೆ ಇಂಥ ಪ್ರಬೋಧನೆಯ ಬಳಿಕ ಒಬ್ಬ ಹಿರಿಯರು ವಿನಯದಿಂದಲೇ ನಮ್ಮನ್ನು ಕೇಳಿದರು: 'ದೇವರಾದ ಮ್ಯಾಲೂ ಗಾಯ ಮಾಯಲಿಲ್ಲೇನ್ರಿ?' ಅವರ ದೃಷ್ಟಿಯಲ್ಲಿ ಗಾಯ ಉಳಿದಿರುವುದು ಸಿದ್ಧಿ ಪೂರ್ಣವಾಗದ ಗುರುತು. ನಮ್ಮ ದೃಷ್ಟಿಯಲ್ಲಿ ಅದೇ ಮಹಿಮೆ. ಶುಭಸಂದೇಶಗಳು ಮುಚ್ಚಿದ ಬಾಗಿಲೊಳಗೆ ಬರುವ, ಎಮ್ಮಾವುಸಿನಲ್ಲಿ ಕಣ್ಮರೆಯಾಗುವ ಪ್ರಭುವನ್ನೂ ತೋರಿಸುತ್ತವೆ. ಅಲ್ಲಿ ಆ ಹಿರಿಯರು ನಮ್ಮೊಂದಿಗೆ ಸುಲಭವಾಗಿ ನಡೆದುಬಂದರು. ಮೀನಿನ ತುಂಡಿನ ಬಳಿ ಮಾತ್ರ ನಿಂತುಬಿಟ್ಟರು. ಶರೀರವೇ ರಕ್ಷಣೆಯ ಕೀಲು ಎಂದು ತೆರ್ತುಲಿಯನ್ನನು ವಾದಿಸಿದ್ದನ್ನು ನಾವು ರೋಮಿನ ಪುಸ್ತಕಗಳಲ್ಲಿ ಓದಿದ್ದೆವು. ಅದು ಎಷ್ಟು ಕಠಿಣವಾದ ಮಾತೆಂದು ಅರಿತದ್ದು ಅವರ ಎದುರಿನಲ್ಲಿ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಇಟ್ಟ ಸ್ಮಾರಕವಿದೆ. ತೊಗಲುಗೊಂಬೆಯಲ್ಲಿ, ಸಿನಿಮಾದಲ್ಲಿ, ನೋಟಿನ ಮೇಲೆ ಎಲ್ಲೆಲ್ಲೂ ಕಾಣುವವರ ಒಂದು ಹಿಡಿ ಬೂದಿಗಾಗಿ ಜನ ಗುಡಿಯಂಥದೊಂದನ್ನು ಕಟ್ಟಿಕೊಂಡರು. ಚಿತ್ರ ಸಾಕಾಗಲಿಲ್ಲ ಎಂದೇ ಅಲ್ಲವೇ?

ಈಚಿನ ಕಥೆಗಳು ಪರಲೋಕಕ್ಕೇ ಕೈಹಾಕಿವೆ. 2016ರಲ್ಲಿ 'ಬ್ಲ್ಯಾಕ್ ಮಿರರ್' ಸರಣಿಯ 'ಸ್ಯಾನ್ ಜುನಿಪೆರೊ' ಎಂಬ ಕಂತು ಬಂತು. ಸಾಯುತ್ತಿರುವ ವೃದ್ಧೆಯರ ಮನಸ್ಸನ್ನು ಯಂತ್ರಕ್ಕೆ ತುಂಬಿ, ಅವರು ಕಡಲ ತೀರದ ಊರೊಂದರಲ್ಲಿ ಸದಾ ತರುಣಿಯರಾಗಿ ಬಾಳುತ್ತಾರೆ. ಕಣ್ಣೀರು ತರಿಸುವ ಕಥೆ. ಆದರೆ ಅದು ಆತ್ಮದ ಅಮರತ್ವದ ಕಥೆಯೇ ಹೊರತು ನಮ್ಮ ವಿಶ್ವಾಸಸೂತ್ರದ ಶರೀರದ ಪುನರುತ್ಥಾನವಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವ ತಪ್ಪು ಯಂತ್ರಕ್ಕಿಂತ ಹಳೆಯದು. ಶವಸಂಸ್ಕಾರದ ಪ್ರಬೋಧನೆಗಳಲ್ಲಿ ನಾವೇ ಅದನ್ನು ಬೆಳೆಸಿದ್ದೇವೆ.

ಮಾಧ್ಯಮಗಳಿಗಾಗಿದ್ದ ವ್ಯಾಟಿಕನ್ನಿನ ಮಂಡಳಿ 2002ರಲ್ಲೇ 'ಧರ್ಮಸಭೆ ಮತ್ತು ಅಂತರ್ಜಾಲ' ಎಂಬ ದಸ್ತಾವೇಜಿನಲ್ಲಿ ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ಸ್ಪಷ್ಟಪಡಿಸಿತ್ತು. ಆಗ ಅದು ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರದಂತಿತ್ತು. 2020ರ ಮಾರ್ಚ್ ತಿಂಗಳಲ್ಲಿ ದೇವಾಲಯಗಳು ಮುಚ್ಚಿದಾಗ ಗುರುಗಳೆಲ್ಲ ಒಂದೇ ವಾರದಲ್ಲಿ ಮೊಬೈಲಿನ ಮುಂದೆ ಬಲಿಪೂಜೆ ಅರ್ಪಿಸುವವರಾದೆವು. ಅದರ ಮರುವರ್ಷ, ಎರಡನೆಯ ಅಲೆಯ ದಿನಗಳಲ್ಲಿ, ನಾವು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಹಳ್ಳಿಯಲ್ಲಿ ತಾಯಿಯೊಬ್ಬಳು ತೀರಿಕೊಂಡಳು. ಮಗ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಬಸ್ಸಿಲ್ಲ, ಬರಲಾಗಲಿಲ್ಲ. ನೆರೆಯ ಹುಡುಗನೊಬ್ಬ ಗುಂಡಿಯ ಅಂಚಿನಲ್ಲಿ ಮೊಬೈಲು ಹಿಡಿದು ನಿಂತ. ಮಗ ಅಲ್ಲಿಂದ ಎಲ್ಲವನ್ನೂ ನೋಡಿದ. ನಡುವೆ ಎರಡು ಬಾರಿ ಚಿತ್ರ ನಿಂತುಹೋಯಿತು.

ತಿಂಗಳುಗಳ ಬಳಿಕ ಅವನು ಊರಿಗೆ ಬಂದಾಗ ನಮ್ಮಲ್ಲಿ ಕೇಳಿದ್ದು ಒಂದೇ: 'ಫಾದರ್, ನಾ ನಮ್ಮವ್ವಗ ಮಣ್ಣು ಕೊಟ್ಟಂಗಾತೇನ್ರಿ?'

ಈ ಲೇಖನದಲ್ಲಿ ಹೆಸರಿಸಿದ ಯಾವ ಗ್ರಂಥವೂ ಆ ಹೊತ್ತಿಗೆ ನಮ್ಮ ನೆರವಿಗೆ ಬರಲಿಲ್ಲ. ಅವನು ನೋಡಿದ್ದು ಸುಳ್ಳೆಂದು ಹೇಳಲು ನಮಗೆ ಅಧಿಕಾರವಿರಲಿಲ್ಲ. ಅವನ ಪ್ರಾರ್ಥನೆ, ಅವನ ಅಳು ನಿಜವಾಗಿದ್ದವು, ತಾಯಿ ಮಣ್ಣಿಗಿಳಿದದ್ದೂ ನಿಜವಾಗಿತ್ತು. ಆದರೂ ಹೌದು ಎಂದುಬಿಟ್ಟರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ನೋಡಿದ್ದೀಯೆ, ಕೊಟ್ಟಿಲ್ಲ ಎಂದೆವು. ಆ ಸಂಜೆಯೇ ಅವನೊಂದಿಗೆ ಸಮಾಧಿಭೂಮಿಗೆ ಹೋದೆವು. ಮಳೆ ಬಿದ್ದು ಒಣಗಿ ದಿಬ್ಬ ಕಲ್ಲಿನಂತೆ ಗಟ್ಟಿಯಾಗಿತ್ತು. ಕೈಗೆ ಮಣ್ಣು ಬರಲಿಲ್ಲ. ಪಕ್ಕದ ಹೊಲದವರಿಂದ ಹಾರೆ ತಂದು ಅವನು ಅಂಚಿನಲ್ಲಿ ಅಗೆದ. ನಾವು ಪ್ರಾರ್ಥನೆಯನ್ನು ಮೊದಲಿನಿಂದ ಓದಿದೆವು, ಅವನು ಮೂರು ಹಿಡಿ ಮಣ್ಣು ಹಾಕಿದ.